ಮೂರು ಸಾಲಿನ ಕವಿತೆ ಮುಗಿಯೋಕೆ ಇಷ್ಟು ಹೊತ್ತು ಯಾಕೆ?

ಕಿಟಕಿಪಕ್ಕ:
ತುಂಬಾ ದಿನದಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ. ಪುಟ್ಟ ಕವಿತೆಗಳು ಜನಕ್ಕೆ ಯಾಕೆ ಇಷ್ಟ ಎಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ಈಗ ಯಾರಿಗೂ ಪುರುಸೊತ್ತಿಲ್ಲ. ನನಗೆ ಇದು ಒಪ್ಪಿಗೆಯಿಲ್ಲ. ನಾನು ದಪ್ಪ ಕಾದಂಬರಿ ಓದುವವನು. ಐನೂರು ಪುಟವನ್ನು ಒಂದು ವಾರದಲ್ಲಿ ಮುಗಿಸಿ ಕಪಾಟಿಗೆ ಇಡುತ್ತೇನೆ, ಅಲ್ಲಿಗೆ ಆಯಿತು. ಆದರೆ ಎಲ್ಲೋ ಕಣ್ಣಿಗೆ ಬಿದ್ದ ಮೂರು ಸಾಲು ಇರುತ್ತದಲ್ಲ, ಅದು ಸ್ನಾನ ಮಾಡುವಾಗ ಬರುತ್ತದೆ, ಲಿಫ್ಟಿನಲ್ಲಿ ನಿಂತಾಗ ಬರುತ್ತದೆ. ಓದಲು ಐದು ಸೆಕೆಂಡು. ಮುಗಿಯಲು ಎಷ್ಟು ದಿನವೋ. ಪುರುಸೊತ್ತಿಲ್ಲದವರು ಮುಟ್ಟಬೇಕಾದ ಸಾಮಾನೇ ಅಲ್ಲ ಇದು.

ಕೇಳುವುದಕ್ಕೆ ಸ್ವಂತದ ಕಾರಣವೂ ಇದೆ. ಹೋದ ತಿಂಗಳು ಮನೆ ಬದಲಿಸಿದೆವು. ಅದರ ಮೇಲೆ ಹನ್ನೆರಡು ಸಾಲಿನ ಕವಿತೆ ಬರೆದೆ. ಓದಿದವರೆಲ್ಲ "ಚೆನ್ನಾಗಿದೆ" ಅಂದರು. ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೇನೆ ಅನ್ನುತ್ತೇವಲ್ಲ, ಆ ಥರದ ಚೆನ್ನಾಗಿದೆ. ಮೊದಲ ಎರಡು, ಕೊನೆಯ ಎರಡು ಸಾಲು ಇಲ್ಲಿ ಹಾಕುತ್ತೇನೆ. ನಡುವಿನ ಎಂಟೂ ಇದೇ ಜಾತಿಯವು.

ಲಾರಿ ತುಂಬಿತು, ಬಾಗಿಲು ಹಾಕಿದೆವು,
ಏಳು ವರ್ಷದ ಬದುಕು ಡಬ್ಬಗಳಲ್ಲಿ ಕೂತಿತು...
ಗೋಡೆಯ ಮೇಲೊಂದು ಮೊಳೆ ಒಂಟಿಯಾಗಿ ನಿಂತಿತ್ತು,
ಹೊತ್ತಿದ್ದ ಚಿತ್ರವ ನೆನೆದು ಒಳಗೇ ಕೊರಗುತ್ತಿತ್ತು.

ಬೈಯುವುದಿದ್ದರೆ ಬೈಯಿರಿ. ಆದರೆ ಚಿಕ್ಕದು ಯಾಕೆ ಹಿಡಿಯುತ್ತದೆ, ಇದು ಯಾಕೆ ಹಿಡಿಯಲಿಲ್ಲ ಅಂತ ಹೇಳಿ.

ಅರ್ಧವಿರಾಮ:
ಮೊಳೆ ಒಂದು ಸಾಕು. ಉಳಿದದ್ದನ್ನೆಲ್ಲ ಅದೇ ಲಾರಿಗೆ ಹಾಕಿ ಕಳಿಸಿಬಿಡಿ.

ಸುಮ್ನೆ ಓದುಗ:
ಖುಷಿಯ ಮಾತಿನ ನಡುವೆ ತಕರಾರು ತೆಗೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಪುಟ್ಟ ಕವಿತೆ ಅಂತ ದಿನಾ ಫೋನಿಗೆ ಬಂದು ಬೀಳುವುದರಲ್ಲಿ ನೂರಕ್ಕೆ ತೊಂಬತ್ತು ಒಂದು ಸಾಧಾರಣ ವಾಕ್ಯ. ನಾಲ್ಕು ಕಡೆ ಎಂಟರ್ ಒತ್ತಿರುತ್ತಾರೆ.

ನೀನು
ಹೋದ ಮೇಲೆ
ನಾನು
ನಾನಾಗಿ ಉಳಿದಿಲ್ಲ

ಇದು ನಾನೇ ಈಗ ಕೂತು ಟೈಪ್ ಮಾಡಿದ್ದು. ಹತ್ತು ಸೆಕೆಂಡು ಹಿಡಿಯಿತು. ಹಿಂದೆ ಒಂದು ಸೂರ್ಯಾಸ್ತದ ಚಿತ್ರ ಹಾಕಿದರೆ ಇನ್ನೂರು ಲೈಕ್ ಗ್ಯಾರಂಟಿ. ಹಾಗಾಗಿ ಇದರ ಆಕರ್ಷಣೆ ಏನು ಅಂದರೆ, ಬರೆಯುವುದು ಸುಲಭ, ಓದುವುದು ಸುಲಭ, ಮೆಚ್ಚುವುದು ಇನ್ನೂ ಸುಲಭ. ಅದನ್ನು ಒಪ್ಪಿಕೊಳ್ಳೋಣ.

ಹಳೇ ಮೇಷ್ಟ್ರು:
ಓದುಗರೇ, ನಿಮ್ಮ ತಕರಾರು ಸರಿಯಾಗಿಯೇ ಇದೆ. ಅದಕ್ಕೊಂದು ಪರೀಕ್ಷೆ ಇದೆ. ಕವಿತೆಯನ್ನು ಒಂದೇ ಸಾಲಿನಲ್ಲಿ, ಗದ್ಯದ ಹಾಗೆ ಬರೆದು ನೋಡಿ. "ನೀನು ಹೋದ ಮೇಲೆ ನಾನು ನಾನಾಗಿ ಉಳಿದಿಲ್ಲ." ಏನೂ ಕಳೆದುಹೋಗಲಿಲ್ಲ. ಅಂದರೆ ಸಾಲು ಮುರಿದದ್ದು ಬರೀ ಅಲಂಕಾರಕ್ಕೆ.

ಆದರೆ ಚಿಕ್ಕದು ಫೋನಿನ ಜೊತೆ ಹುಟ್ಟಿದ್ದು ಅನ್ನುವ ಹಾಗೆ ಮಾತಾಡಬೇಡಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದ್ದು. ಅದರಲ್ಲೇ ತ್ರಿಪದಿ ಇದೆ. ಒಳ್ಳೆಯವನಿಗೆ ಒಳ್ಳೆಯವನು, ಸಿಹಿಗೆ ಸಿಹಿ, ಕಾಡಿದವನಿಗೆ ಮಾತ್ರ ಕಲಿಗಾಲದ ಯಮ, ಇಂಥವನು ಈ ಮಾಧವ, ಬೇರೆಯಲ್ಲ. ಒಬ್ಬ ಮನುಷ್ಯನ ಪೂರ್ತಿ ಸ್ವಭಾವ ಮೂರು ಸಾಲಿನಲ್ಲಿ. ಬಂಡೆಯ ಮೇಲೆ ಉಳಿಯಿಂದ ಕೊರೆಯುವವನಿಗೆ ಒಂದೊಂದು ಪದಕ್ಕೂ ಕೈ ನೋಯುತ್ತದೆ, ಸುಮ್ಮನೆ ಜಾಸ್ತಿ ಬರೆಯಲು ಮನಸ್ಸಾಗುವುದಿಲ್ಲ. ನಮಗೆ ಕೈ ನೋಯುವುದಿಲ್ಲ, ಅದೇ ತೊಂದರೆ.

ತ್ರಿಪದಿಯ ಇನ್ನೊಂದು ಗುಟ್ಟು ಹೇಳುತ್ತೇನೆ. ಲೆಕ್ಕದಲ್ಲಿ ಅದು ಹನ್ನೊಂದು ಗಣ, ನಾಲ್ಕು, ನಾಲ್ಕು, ಮೂರು. ಆದರೆ ಹಾಡುವವರು ಎರಡನೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಆಮೇಲೆ ಮೂರನೆಯದಕ್ಕೆ ಬರುತ್ತಾರೆ. ಕೇಳುವವನಿಗೆ ಏನೋ ಬರಲಿದೆ ಎಂದು ಗೊತ್ತು, ಬರುತ್ತಿಲ್ಲ. ಮೂರೇ ಸಾಲಿನ ಪದ್ಯದಲ್ಲೂ ನಮ್ಮವರು ಕಾಯಿಸುವ ದಾರಿ ಹುಡುಕಿದ್ದರು. ನಿಮ್ಮ "ಮುಗಿಯೋಕೆ ಇಷ್ಟು ಹೊತ್ತು ಯಾಕೆ" ಅನ್ನುವುದಕ್ಕೆ ಒಂದು ಉತ್ತರ ಅಲ್ಲೇ ಇದೆ.

ಅಂದ ಹಾಗೆ ಸರ್ವಜ್ಞ ಅಷ್ಟು ಪುಟ್ಟ ಮನೆಯಲ್ಲಿ ತನ್ನ ನಾಮಫಲಕಕ್ಕೂ ಜಾಗ ಮಾಡಿಕೊಂಡ. ಅದನ್ನು ನೋಡಿ ನನಗೆ ಯಾವಾಗಲೂ ನಗು.

ನಗೆಹನಿ:
ಮೇಷ್ಟ್ರೇ, ಗಂಭೀರವಾಗಿ ಹೇಳುವುದೇ ದೊಡ್ಡದು ಅನ್ನುವ ಧಾಟಿ ಬರುತ್ತಿದೆ, ಅದಕ್ಕೆ ಬಂದೆ. ದಿನಕರ ದೇಸಾಯಿಯವರ ಚುಟುಕಗಳು ನಾಲ್ಕೇ ಸಾಲು, ಪ್ರಾಸ ಇದೆ, ಕೊನೆಗೆ ಕುಟುಕು ಇದೆ. ಹನಿಗವನದಲ್ಲಿ ಶ್ಲೇಷೆ ಮಾಡಿ ನಗಿಸುತ್ತಾರೆ. ಅದೂ ಪುಟ್ಟ ಕವಿತೆಯೇ. ಜನ ಬಾಯಿಪಾಠ ಮಾಡಿಕೊಂಡು ಇನ್ನೊಬ್ಬರಿಗೆ ಹೇಳುತ್ತಾರೆ. ಮದುವೆ ಮನೆಯಲ್ಲಿ ಜಪಾನಿನ ಮೂರು ಸಾಲಿನ ಹೈಕು ಹೇಳಿ ನೋಡಿ, ಮುಂದೇನು ಅಂತ ಮುಖ ನೋಡುತ್ತಾರೆ.

ಹಳೇ ಮೇಷ್ಟ್ರು:
ಹಹ್ಹಾ, ಒಪ್ಪಿದೆ. ಚಿಕ್ಕದೆಂದು ಚುಟುಕವನ್ನೂ ಹೈಕುವನ್ನೂ ಒಂದೇ ಗೂಡಿಗೆ ಹಾಕುತ್ತೇವೆ, ಆದರೆ ಕೆಲಸ ಬೇರೆ. ಚುಟುಕದ ಕೊನೆಯ ಪದ ಚಿಲಕ ಹಾಕಿದ ಹಾಗೆ, ಟಕ್ ಅಂತ ಶಬ್ದ ಬರಬೇಕು. ಆ ಶಬ್ದಕ್ಕೇ ನಾವು ನಗುವುದು. ಇನ್ನೊಂದು ಥರದ್ದರಲ್ಲಿ ಕೊನೆಯ ಪದ ಆದ ಮೇಲೂ ಬಾಗಿಲು ಅರ್ಧ ತೆರೆದೇ ಇರುತ್ತದೆ. ಕಿಟಕಿಪಕ್ಕದವರು ಕೇಳುತ್ತಿರುವುದು ಇದರ ಬಗ್ಗೆ. ಮೇಲು ಕೀಳಿನ ಮಾತಲ್ಲ. ಒಳ್ಳೆಯ ಚಿಲಕ ಮಾಡುವುದೂ ಕಷ್ಟವೇ.

ಕಿಟಕಿಪಕ್ಕ:
ಅರ್ಧವಿರಾಮ ಹೇಳಿದ ಹಾಗೆ ಲಾರಿ ಕಳಿಸಿದೆ. ನಿನ್ನೆ ರಾತ್ರಿ ಇಷ್ಟು ಉಳಿಯಿತು.

ಮನೆ ಖಾಲಿ ಮಾಡಿದೆವು.
ಗೋಡೆಯ ಮೇಲಿನ ಮೊಳೆ
ಇನ್ನೂ ಏನನ್ನೋ ಹೊತ್ತಿದೆ.

ಒಂದು ಕಥೆ ನೆನಪಾಗಿ ಧೈರ್ಯ ಬಂತು. ಎಜ್ರಾ ಪೌಂಡ್ 1913ರಲ್ಲಿ ಪ್ರಕಟಿಸಿದ ಎರಡು ಸಾಲಿನ ಕವಿತೆಯೊಂದಿದೆ, ಪ್ಯಾರಿಸ್ಸಿನ ಮೆಟ್ರೋ ನಿಲ್ದಾಣದ ಜನರ ಮುಖಗಳ ಬಗ್ಗೆ. ಮೊದಲು ಅದು ಮೂವತ್ತು ಸಾಲಿತ್ತಂತೆ. ಅದನ್ನು ಹರಿದುಹಾಕಿದ. ಆರು ತಿಂಗಳ ಮೇಲೆ ಅದರರ್ಧ ಬರೆದ. ಅದಾಗಿ ಒಂದು ವರ್ಷಕ್ಕೆ ಎರಡು ಸಾಲು. ಇದನ್ನು ಅವನೇ ಬರೆದುಕೊಂಡಿದ್ದಾನೆ. ನನ್ನದು ಒಂದೇ ರಾತ್ರಿಯಲ್ಲಿ ಆಯಿತು, ಅಂದರೆ ಇನ್ನೂ ಆಗಿಲ್ಲ ಅಂತ ಅರ್ಥ.

ಅರ್ಧವಿರಾಮ:
"ಇನ್ನೂ ಏನನ್ನೋ ಹೊತ್ತಿದೆ." ಇದನ್ನು ನೀವು ಯಾಕೆ ಹೇಳಬೇಕು? ಓದುವವರು ಹೇಳಿಕೊಳ್ಳಬೇಕಾದ ಮಾತು ಅದು. ನಮ್ಮ ಬಾಯಿಂದ ತುತ್ತು ಕಿತ್ತುಕೊಂಡ ಹಾಗಾಯಿತು. ಮೊಳೆ ಕೊರಗುವುದನ್ನು ಬಿಡಿಸಿದ್ದೀರಿ, ಆದರೆ ಈಗಲೂ ಅದರ ಕೈಯಲ್ಲಿ ನಾಟಕ ಮಾಡಿಸುತ್ತಿದ್ದೀರಿ. ಅದು ಮೊಳೆ ಮಾರಾಯ್ರೇ. ಸುಮ್ನೆ ಇರಲಿ ಬಿಡಿ.

ನಿಶಾಚರಿ:
"ಸುಮ್ನೆ ಇರಲಿ" ಅಂದದ್ದಕ್ಕೆ ನನ್ನದೊಂದು ಗಾಯ ನೆನಪಾಯಿತು. ಕೆಲವು ವರ್ಷದ ಹಿಂದೆ ಒಂದು ಪತ್ರಿಕೆಗೆ ನಾಲ್ಕು ಪುಟ್ಟ ಕವಿತೆ ಕಳಿಸಿದ್ದೆ. ಒಂದು ಹೀಗಿತ್ತು:

ಕರೆಂಟು ಹೋಯಿತು.
ಪಕ್ಕದ ಮನೆಯಲ್ಲೂ
ಯಾರೋ ಕೆಮ್ಮಿದರು.

ಪ್ರಿಂಟಾಗಿ ಬಂತು. ತಲೆಬರಹ ಹಾಕಿದ್ದರು: "ಕತ್ತಲೆಯ ಸ್ನೇಹ". ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ, ಅದರ ಹಿಂದೆ ಮೂರು ಚುಕ್ಕಿ. ಆರು ಪದದ ಕವಿತೆ. ನೂರು ಸಾಲಿನ ಪದ್ಯದಲ್ಲಿ ಒಂದು ಚಿಹ್ನೆ ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಆ ಚಿಹ್ನೆ ಕವಿತೆಯ ಭುಜ ಹಿಡಿದು ಅಲ್ಲಾಡಿಸಿ "ನೋಡಿ, ಎಷ್ಟು ಚೆನ್ನಾಗಿದೆ!" ಅಂತ ಕೂಗುತ್ತಿತ್ತು. ನಾನು ಆ ಪುಟವನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ತಲೆಬರಹವೇ ಬೇಡ ಅಂತಲ್ಲ. ಇಟಲಿಯ ಕವಿ ಉಂಗರೆಟ್ಟಿ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದಾಗ, 1917ರ ಜನವರಿಯಲ್ಲಿ ಬರೆದದ್ದು ಎರಡೇ ಎರಡು ಪುಟ್ಟ ಸಾಲು. ಅಪಾರವಾದದ್ದೊಂದು ನನ್ನನ್ನು ಬೆಳಗುತ್ತಿದೆ ಅನ್ನುವ ಅರ್ಥ. ತಲೆಬರಹ "ಬೆಳಗು". ಅದನ್ನು ತೆಗೆದರೆ ಯಾವ ಬೆಳಕು ಅಂತಲೇ ಗೊತ್ತಾಗುವುದಿಲ್ಲ. ಅಲ್ಲಿ ತಲೆಬರಹ ಕವಿತೆಯ ಮೊದಲ ಸಾಲು. ನನ್ನದರ ಮೇಲೆ ಕೂತದ್ದು ಪ್ರಶ್ನೆಗೆ ಮೊದಲೇ ಬರೆದುಕೊಟ್ಟ ಉತ್ತರ.

ನಗೆಹನಿ:
"ಯಾರೋ ಕೆಮ್ಮಿದರು" 😀 ಇದಕ್ಕೆ ನನಗೆ ನಗು ಬಂತು, ಆಮೇಲೆ ನಗು ನಿಂತಿತು. "ಪಕ್ಕದ ಮನೆಯಲ್ಲೂ" ಅನ್ನುವ ಆ "ಊ" ಇದೆಯಲ್ಲ. ಅಂದರೆ ಈ ಮನೆಯಲ್ಲೂ ಒಬ್ಬರು ಕೆಮ್ಮುತ್ತಿದ್ದಾರೆ.

ನಿಶಾಚರಿ:
ಇಷ್ಟು ವರ್ಷದಲ್ಲಿ ಆ "ಊ" ನೋಡಿದ ಮೊದಲನೆಯವರು ನೀವು.

ಲೆಕ್ಕದವಳು:
ನಾನು ಕವಿತೆಯವಳಲ್ಲ, ಲೆಕ್ಕದವಳು. ಆದರೆ ಹೈಕು ಅಂದರೆ 5-7-5 ಅಕ್ಷರ ಅಂತ ಕನ್ನಡದಲ್ಲಿ ಎಲ್ಲರೂ ಎಣಿಸುತ್ತಾರಲ್ಲ, ಅಲ್ಲೇ ಒಂದು ಎಡವಟ್ಟಿದೆ. ಜಪಾನಿಯರು ಎಣಿಸುವುದು ನಮ್ಮ ಅಕ್ಷರವನ್ನಲ್ಲ. ಅವರ ಎಣಿಕೆ ನಮ್ಮ ಮಾತ್ರೆಗೆ ಹತ್ತಿರ. ಟೋಕ್ಯೋ ನಮಗೆ ಎರಡು ಅಕ್ಷರ. ಅವರಿಗೆ ಟೊ-ಒ-ಕ್ಯೊ-ಒ, ನಾಲ್ಕು. ದೀರ್ಘಕ್ಕೆ ಎರಡು. ನಿಪ್ಪೊನ್ ಕೂಡ ಅವರಿಗೆ ನಾಲ್ಕು, ಒತ್ತಿಗೆ ಒಂದು, ಕೊನೆಯ ನ್‌ಗೆ ಒಂದು. ಈಗ ಶಾಲೆಯಲ್ಲಿ ಕಲಿತ ಲಘು ಗುರು ಹಾಕಿ ನೋಡಿ. ಟೋಕ್ಯೋ ನಾಲ್ಕು ಮಾತ್ರೆ, ನಿಪ್ಪೊನ್ ನಾಲ್ಕು ಮಾತ್ರೆ. ಸರಿಹೋಯಿತು ಅಲ್ವಾ?

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 17 ಮಾತ್ರೆ ಕನ್ನಡಕ್ಕೆ ತುಂಬಾ ಇಕ್ಕಟ್ಟು. ನಮ್ಮದು ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸುವ ಭಾಷೆ. "ನೆನಪಾಗುತ್ತಿರುತ್ತದೆ" ಒಂದೇ ಪದ, ಎಂಟು ಅಕ್ಷರ, 11 ಮಾತ್ರೆ. ಮನೆಯ ಅರ್ಧಕ್ಕಿಂತ ಹೆಚ್ಚು ಭಾಗ ಒಬ್ಬನೇ ಆಕ್ರಮಿಸಿಕೊಂಡ. ಹಾಗಾಗಿ ಕನ್ನಡದಲ್ಲಿ ಚಿಕ್ಕದು ಬರೆಯಬೇಕಾದರೆ ಮೊದಲು ಕ್ರಿಯಾಪದದ ಬಾಲ ಕತ್ತರಿಸಬೇಕು.

ಹಳೇ ಮೇಷ್ಟ್ರು:
ಮೂವತ್ತು ವರ್ಷ ಛಂದಸ್ಸು ಪಾಠ ಮಾಡಿದ್ದೇನೆ, ಮಕ್ಕಳು ಆಕಳಿಸುತ್ತಿದ್ದರು. ಅಮ್ಮಾ, ಈ ಟೋಕ್ಯೋ ಉದಾಹರಣೆ ಮೊದಲೇ ಸಿಕ್ಕಿದ್ದರೆ!

ಬಾಲದ ಮಾತಿಗೆ ಒಂದು ಸೇರಿಸುತ್ತೇನೆ. ಬಾಶೋ 1686ರಲ್ಲಿ ಬರೆದ ಹಳೇ ಕೊಳದ ಕಪ್ಪೆಯ ಹೈಕು ಗೊತ್ತಲ್ಲ. ಜಪಾನಿಯಲ್ಲಿ ಕಪ್ಪೆ ಒಂದೋ ಹಲವೋ ಅಂತ ಹೇಳಿಯೇ ಇಲ್ಲ, ಆ ಭಾಷೆಗೆ ಹೇಳುವ ಅಗತ್ಯ ಇಲ್ಲ. ಕನ್ನಡಕ್ಕೆ ತರುವವನು "ಹಾರಿತು" ಅನ್ನಬೇಕು, ಇಲ್ಲ "ಹಾರಿದವು" ಅನ್ನಬೇಕು. ಕ್ರಿಯಾಪದ ಬಂದ ಕೂಡಲೇ ತೀರ್ಮಾನ ಆಗಿಹೋಗುತ್ತದೆ. ಆದರೆ ಕನ್ನಡದಲ್ಲಿ ಕ್ರಿಯಾಪದವನ್ನು ಪೂರ್ತಿ ಬಿಟ್ಟರೂ ವಾಕ್ಯ ಬೀಳುವುದಿಲ್ಲ. "ಗೋಡೆಯ ಮೇಲೆ ಮೊಳೆ." ಇದೆಯೋ, ಇತ್ತೋ? ಹೇಳಿಲ್ಲ. ಈ ಸೌಲಭ್ಯವನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ.

ದಾರಿಹೋಕ:
ಯಾರೂ ಹೇಳದ ಇನ್ನೊಂದು ಕಡೆ ಇದೆ. ಅಫ್ಘಾನಿಸ್ತಾನದ ಪಶ್ತೂನ್ ಹೆಂಗಸರಲ್ಲಿ ಲಂಡೈ ಅಂತ ಎರಡು ಸಾಲಿನ ಪದ್ಯ ಇದೆ. ಮೊದಲ ಸಾಲು 9 ಅಕ್ಷರ, ಎರಡನೆಯದು 13. ಬರೆದವರ ಹೆಸರೇ ಇರುವುದಿಲ್ಲ. ಪ್ರೀತಿ, ಯುದ್ಧ, ಮುದುಕ ಗಂಡನ ಮೇಲಿನ ಸಿಟ್ಟು, ಎಲ್ಲ ಇರುತ್ತದೆ. ಗಟ್ಟಿಯಾಗಿ ಹೇಳಿದರೆ ಪ್ರಾಣಕ್ಕೇ ಅಪಾಯವಾಗುವ ಮಾತುಗಳೂ ಇರುತ್ತವೆ. ಕಾಗದ ಬೇಡ, ಬಚ್ಚಿಡುವುದೂ ಬೇಡ. ಒಬ್ಬಳು ಹೇಳಿದಳು, ಇನ್ನೊಬ್ಬಳು ತಲೆಯಲ್ಲಿ ಇಟ್ಟುಕೊಂಡು ಹೋದಳು. ಯಾರದ್ದು ಅಂತ ಕೇಳಿದರೆ ಯಾರದ್ದೂ ಅಲ್ಲ.

ದೊಡ್ಡ ಪದ್ಯವನ್ನು ಹೀಗೆ ಸಾಗಿಸಲು ಆಗುವುದಿಲ್ಲ. ಅರ್ಧ ಮರೆತುಹೋಗುತ್ತದೆ. ಪುಟ್ಟದು ಪೂರ್ತಿ ನಮ್ಮ ಹತ್ತಿರ ಇರುತ್ತದೆ. ಕಿಟಕಿಪಕ್ಕದವರ ಲಿಫ್ಟಿನಲ್ಲಿ ಬರುವುದು ಕವಿತೆಯ ನೆನಪಲ್ಲ, ಕವಿತೆಯೇ. ಅವರು ಓದಿದ ಐನೂರು ಪುಟದ ಕಾದಂಬರಿಯಲ್ಲಿ ಒಂದು ಪುಟವಾದರೂ ಹಾಗೇ ಹೇಳಲು ಬರುತ್ತದಾ?

ಸುಮ್ನೆ ಓದುಗ:
ಈ ಮಾತಿಗೆ ಸ್ವಲ್ಪ ಅಲ್ಲಾಡಿದೆ. ನಾನೂ ಪರೀಕ್ಷೆ ಮಾಡಿಕೊಂಡೆ. ಮೊನ್ನೆ ನಾನೇ ಟೈಪ್ ಮಾಡಿದ "ನೀನು ಹೋದ ಮೇಲೆ" ಇವತ್ತು ಸರಿಯಾಗಿ ನೆನಪಿಗೆ ಬರಲಿಲ್ಲ, ಮೇಲೆ ಹೋಗಿ ನೋಡಿ ಬಂದೆ. ಕೆಮ್ಮು ಮಾತ್ರ ಪದ ಪದ ನೆನಪಿದೆ. ರಾತ್ರಿ ಒಂದು ಸಲ ಕರೆಂಟು ಹೋದಾಗ ನಾನೂ ಕಿವಿ ಕೊಟ್ಟು ಕೂತಿದ್ದೆ, ನಾಚಿಕೆಯಾಗುತ್ತದೆ ಹೇಳೋಕೆ.

ಆದರೂ ನೂರಕ್ಕೆ ತೊಂಬತ್ತು ಕಸ ಅನ್ನುವುದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಅರ್ಧವಿರಾಮ:
ತೆಗೆದುಕೊಳ್ಳಬೇಡಿ. ಇರಲಿ.

ಕಿಟಕಿಪಕ್ಕ:
ಎಲ್ಲರ ಮಾತು ಕೇಳಿ ಮತ್ತೆ ಕೂತೆ. ಕ್ರಿಯಾಪದ ತೆಗೆದೆ. ಹೊರಿಸಿದ ಭಾರ ಇಳಿಸಿದೆ.

ಖಾಲಿ ಮನೆ
ಗೋಡೆಯ ಮೇಲೆ
ನಾವು ಹೊಡೆದ ಮೊಳೆ

ಇನ್ನು ಕೀಳಲು ಏನೂ ಉಳಿದಿಲ್ಲ ಅನಿಸುತ್ತದೆ.

ಲೆಕ್ಕದವಳು:
ಅಯ್ಯೋ, ನಿಲ್ಲಿ. ಮಾತ್ರೆ ಎಣಿಸಿದೆ. ಖಾಲಿ ಮನೆ, 5. ಗೋಡೆಯ ಮೇಲೆ, 7. ನಾವು ಹೊಡೆದ ಮೊಳೆ, 8. ಮೂರೇ ಮಾತ್ರೆ ಜಾಸ್ತಿ! ಕೊನೆಯ ಸಾಲನ್ನು "ನಮ್ಮ ಮೊಳೆ" ಮಾಡಿ. ನ ಗುರು, ಎರಡು, ಉಳಿದ ಮೂರು ಲಘು. ಒಟ್ಟು 5. ಖಾಲಿ ಮನೆ, ಗೋಡೆಯ ಮೇಲೆ, ನಮ್ಮ ಮೊಳೆ. ಕೂದಲೆಳೆಯೂ ಆಚೀಚೆ ಇಲ್ಲದ 5-7-5. ಕೈ ನಡುಗುತ್ತಿದೆ ನನಗೆ.

ನಿಶಾಚರಿ:
ಲೆಕ್ಕ ಸರಿ ಮೇಡಂ, ಆದರೆ ಬೇಡ. "ನಮ್ಮ ಮೊಳೆ" ಅಂದರೆ ಆಸ್ತಿ ಜಗಳದ ಹಾಗೆ ಕೇಳುತ್ತದೆ, ಬಿಟ್ಟು ಹೋದ ಸಾಮಾನು ವಾಪಸ್ ಕೊಡಿ ಅಂದ ಹಾಗೆ. "ಹೊಡೆದ" ಅನ್ನುವುದರಲ್ಲಿ ಒಂದು ದಿನ ಇದೆ. ಬಂದ ಹೊಸದರಲ್ಲಿ ಯಾರೋ ಸ್ಟೂಲ್ ಹತ್ತಿದ್ದಾರೆ. ಇನ್ನೊಬ್ಬರು ಕೆಳಗೆ ನಿಂತು "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಅನ್ನುತ್ತಿದ್ದಾರೆ. ಸುತ್ತಿಗೆ ಸದ್ದಿದೆ. "ನಾವು" ಅಂದಿದ್ದಾರೆ, ಅಂದರೆ ಇಬ್ಬರಾದರೂ ಇದ್ದರು. ಆ ಮೂರು ಮಾತ್ರೆ ಉಳಿಸಲು ಹೋಗಿ ಅಷ್ಟೂ ಜನರನ್ನು ಮನೆಯಿಂದ ಹೊರಗೆ ಕಳಿಸಬೇಡಿ.

ಹಳೇ ಮೇಷ್ಟ್ರು:
ನಿಶಾಚರಿಯವರ ಪರ ನನ್ನ ಮತ. ಛಂದಸ್ಸು ಮೂರು ಮಾತ್ರೆ ಸಾಲ ಕೊಡುತ್ತದೆ, ಹೆದರಬೇಡಿ.

ಲೆಕ್ಕದವಳು:
ಸೋತೆ. ಸ್ಟೂಲ್ ನನಗೆ ಕಂಡಿರಲಿಲ್ಲ.

ಸುಮ್ನೆ ಓದುಗ:
ನಾನು ಇದನ್ನು ಒಂದೇ ಸಾಲಿನಲ್ಲಿ ಬರೆದು ನೋಡಿದೆ, ಮೇಷ್ಟ್ರು ಹೇಳಿದ ಪರೀಕ್ಷೆ. "ಖಾಲಿ ಮನೆ ಗೋಡೆಯ ಮೇಲೆ ನಾವು ಹೊಡೆದ ಮೊಳೆ." ಓಡಿಸಿಕೊಂಡು ಓದಿದರೆ ಅದು ಬರೀ ಒಂದು ಮೊಳೆಯ ವಿಳಾಸ. ಖಾಲಿ ಮನೆ ಅಂತ ಒಂದು ಕ್ಷಣ ನಿಂತರೆ ಮಾತ್ರ ಮೊದಲು ಖಾಲಿ ಕಾಣುತ್ತದೆ, ಆಮೇಲೆ ಮೊಳೆ ಕಾಣುತ್ತದೆ. ಇಲ್ಲಿ ಸಾಲು ಮುರಿದದ್ದಕ್ಕೆ ಕೆಲಸ ಇದೆ. ಸರಿ, ಪಾಸು.

ಆಮೇಲೆ ಸುಮ್ನೆ ಇರಲಾರದೆ ಒಂದು ಪದ ಬದಲಿಸಿದೆ. ತಪ್ಪು ತಿಳಿಯಬೇಡಿ.

ಖಾಲಿ ಮನೆ
ಗೋಡೆಯ ಮೇಲೆ
ಯಾರೋ ಹೊಡೆದ ಮೊಳೆ

ಅರ್ಧವಿರಾಮ:
ಅರೆ.

ನಗೆಹನಿ:
ಎರಡಕ್ಷರ ಹೋಯಿತು, ಎರಡಕ್ಷರ ಬಂತು. ಅವರು ಬಾಗಿಲು ಹಾಕಿಕೊಂಡು ಹೊರಟಿದ್ದರು, ನೀವು ಅದೇ ಬಾಗಿಲು ತೆಗೆದು ಒಳಗೆ ಬಂದಿರಿ. ಹತ್ತು ಸೆಕೆಂಡಿನ ಕವಿ ಅಂತ ಇನ್ನು ಹೇಳಿಕೊಳ್ಳಬೇಡಿ.

ಸುಮ್ನೆ ಓದುಗ:
ಹತ್ತು ಸೆಕೆಂಡು ಅಲ್ಲ, ನಿಜ ಹೇಳಬೇಕೆಂದರೆ ಎರಡು ದಿನ. ಯಾರಿಗೂ ಹೇಳಬೇಡಿ.

ಕಿಟಕಿಪಕ್ಕ:
ಇದನ್ನು ಓದಿದ ಮೇಲೆ ಎದ್ದು ಹೋಗಿ ನೋಡಿ ಬಂದೆ. ಈಗಿರುವ ಮನೆಯ ಹಾಲಿನಲ್ಲಿ, ಕಿಟಕಿಯ ಮೇಲೆ, ಒಂದು ಮೊಳೆ ಇದೆ. ಸ್ವಲ್ಪ ಬಾಗಿದೆ, ಸುಣ್ಣ ಹೊಡೆಯುವಾಗ ಅದರ ಮೇಲೂ ಬಳಿದಿದ್ದಾರೆ. ಬಂದ ದಿನವೇ ಕೀಳಬೇಕು ಅಂದುಕೊಂಡಿದ್ದೆ. ಸುತ್ತಿಗೆ ಯಾವ ಡಬ್ಬದಲ್ಲಿದೆ ಅಂತ ಸಿಕ್ಕಿರಲಿಲ್ಲ. ಒಂದು ತಿಂಗಳಿಂದ ದಿನಾ ಅದರ ಕೆಳಗೇ ಕೂತು ಹಳೇ ಮನೆಯ ಮೊಳೆಯ ಬಗ್ಗೆ ಬರೆಯುತ್ತಿದ್ದೇನೆ.

ಲೆಕ್ಕದವಳು:
ಯಾರೋ ಹೊಡೆದ ಮೊಳೆ, 9. ಸುಮ್ನೆ ಹೇಳಿದೆ.